ಮಾವನ .32 ರಿವಾಲ್ವರ್

ಹೋದ ಭಾನುವಾರ ದಾವಣಗೆರೆಯಲ್ಲಿ ಮಾವನ ಮನೆಯಲ್ಲಿದ್ದೆ. ಬೆಣ್ಣೆ ದೋಸೆ ತಿಂದು ಕೈ ತೊಳೆಯುವ ಹೊತ್ತಿಗೆ ಟೆಕ್ಸಾಸಿನಿಂದ ಅವರ ಮಗನ ಫೋನು. ಅಲ್ಲಿ ಪಿಸ್ತೂಲು ಕೊಳ್ಳಬೇಕಂತೆ, ಗುಂಡಿನ ಅಳತೆ (ಕ್ಯಾಲಿಬರ್) 9 ಎಂಎಂ ತಗೊಳ್ಳೋದಾ, .45 ತಗೊಳ್ಳೋದಾ, ಇಲ್ಲ ಜೇಬಲ್ಲಿ ಕೂರುವ .380 ಸಾಕಾ ಅಂತ ಅರ್ಧ ಗಂಟೆ ಕೊರೆದ. ಮಾವ ನಕ್ಕರು. "ನಿನಗೆ ಅದೇ ಚಿಂತೆ. ನಮಗೆ ಸರ್ಕಾರವೇ ಆರಿಸಿ ಕೊಟ್ಟಿದೆ."

ಮಾತು ನಿಜ. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಲೈಸೆನ್ಸಿಗೆ ಸಿಗದ ಅಳತೆ. ಸಾಮಾನ್ಯ ಲೈಸೆನ್ಸಿಗೆ ಸಿಗೋದು ಹೆಚ್ಚುಕಮ್ಮಿ .32 ಮಾತ್ರ. ಆದರೆ ಇಲ್ಲೊಂದು ಗೊಂದಲ ಇದೆ, ರಿವಾಲ್ವರಿಗೆ ಹಾಕುವ .32 ಲಾಂಗ್ ಅನ್ನೋ ಗುಂಡು ಬೇರೆ, ಪಿಸ್ತೂಲಿಗೆ ಹಾಕುವ .32 ಎಸಿಪಿ ಅನ್ನೋ ಗುಂಡು ಬೇರೆ. ಅಂಗಡಿಯಲ್ಲಿ ಬರೀ ".32 ಕೊಡಿ" ಅಂದರೆ ಆಗಲ್ಲ. ಗುಂಡಿನ ಶಕ್ತಿ ಲೆಕ್ಕ ಹಾಕಿದರೆ ಲಾಂಗ್ ಸುಮಾರು 150 ಜೂಲ್, ಎಸಿಪಿ ಸುಮಾರು 175, ಆದರೆ 9 ಎಂಎಂ 450ರ ಮೇಲೆ. ಹೆಚ್ಚುಕಮ್ಮಿ ಮೂರು ಪಟ್ಟು ಅಲ್ವಾ? ಇಂಟರ್ನೆಟ್ಟಲ್ಲಿ .32 ಅಂದರೆ ಮೂಗು ಮುರಿಯೋದು ಇದಕ್ಕೇ.

ನಾನಂತೂ ಅಷ್ಟು ಮೂಗು ಮುರಿಯಲ್ಲ. 1986ರ ಮಯಾಮಿ ಗುಂಡಿನ ಕಾಳಗದಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯ (ಎಫ್‌ಬಿಐ) ಇಬ್ಬರು ಏಜೆಂಟರು ಸತ್ತ ಮೇಲೆ ಎಫ್‌ಬಿಐನವರು 10 ಎಂಎಂ, .40 ಅಂತ ದೊಡ್ಡ ಗುಂಡಿನ ಹಿಂದೆ ಹೋದರು. ಕೊನೆಗೆ ಮತ್ತೆ 9 ಎಂಎಂಗೇ ಬಂದರು, ಯಾಕಂದ್ರೆ ಗುಂಡು ಹಾರಿದಾಗ ಕೈಗೆ ಬೀಳುವ ಒದೆ ಕಮ್ಮಿ ಇದ್ದರೆ ಗುರಿ ಸರಿ ಬೀಳುತ್ತೆ, ಎರಡನೇ ಗುಂಡೂ ಬೇಗ ಹಾರುತ್ತೆ. ಅರವತ್ತು ದಾಟಿದ ಮಾವನ ಕೈಗೆ .32 ಹಿತವಾಗಿರೋದೂ ಅದಕ್ಕೇ.

ಅವತ್ತು ಬೀರುವಿನಿಂದ ತೆಗೆದು ತೋರಿಸಿದರು. ಹಳೇ ಲುಂಗಿ ತುಂಡಿನಲ್ಲಿ ಸುತ್ತಿದ್ದು, ಮಷೀನ್ ಎಣ್ಣೆ ವಾಸನೆ. ಸಿಲಿಂಡರ್ ತೆರೆದು, ಗುಂಡು ತುಂಬುವ ಆರೂ ತೂತಿಗೆ ಒಂದೊಂದಾಗಿ ಕಿರುಬೆರಳ ತುದಿ ಇಟ್ಟು ನೋಡಿ, ಖಾಲಿ ಅಂತ ಖಾತ್ರಿ ಮಾಡಿಕೊಂಡ ಮೇಲೇ ನನ್ನ ಕೈಗೆ ಕೊಟ್ಟರು. ಗೋಡೆ ಕಡೆ ಹಿಡಿದು ಟ್ರಿಗರ್ ಎಳೆದೆ. ಅಬ್ಬಾ, ಏನು ಬಿಗಿ! ರಿವಾಲ್ವರಿನ ಸುತ್ತಿಗೆ (ಹ್ಯಾಮರ್) ಹಿಂದೆ ಹೋಗಿ ಬೀಳುವಷ್ಟರಲ್ಲಿ ನಳಿಗೆ ತುದಿ ಒಂದಿಂಚು ಎಡಕ್ಕೆ ಸರಿದಿತ್ತು. ಕ್ಯಾಲಿಬರ್ ಯಾವುದಾದರೇನು, ಹೀಗೆ ಎಳೆದರೆ ಪಕ್ಕದ ಕ್ಯಾಲೆಂಡರಿಗೇ ಬೀಳೋದು! ಹಗುರದ .32 ರಿವಾಲ್ವರೂ ಇದೆ, 2014ರಲ್ಲಿ ಕಾನ್ಪುರದ ಕಾರ್ಖಾನೆ ತಂದ ನಿರ್ಭೀಕ್ ಬರೀ ಅರ್ಧ ಕೇಜಿ ಆಸುಪಾಸು. ಸೊಂಟಕ್ಕೆ ಹಗುರ, ಆದರೆ ತೂಕ ಇಳಿದಷ್ಟೂ ಒದೆ ಜಾಸ್ತಿ.

ಇನ್ನು ಮುಚ್ಚಿಟ್ಟುಕೊಂಡು ಓಡಾಡೋದು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಅದಕ್ಕೆ ಬೇರೆ ಪರ್ಮಿಟ್ ಬೇಕು, ನಮ್ಮ 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಮುಚ್ಚಿಯೇ ಒಯ್ಯಬೇಕು. ಕಷ್ಟ ಏನಂದ್ರೆ ನಮ್ಮೂರ ಬಿಸಿಲು. ಏಪ್ರಿಲ್ಲಲ್ಲಿ ತೆಳು ಜುಬ್ಬಾ ಬೆವರಿಗೆ ಮೈಗಂಟಿ ಹಿಡಿಕೆ ಎದ್ದು ಕಾಣುತ್ತೆ, ಮೇಲಿಂದ ಆ ಬೆವರಿಗೇ ತುಕ್ಕು. ಭೀಮಸಮುದ್ರದ ಅಡಿಕೆ ದುಡ್ಡು ಚೀಲದಲ್ಲಿ ತರುತ್ತಿದ್ದ ಕಾಲದಲ್ಲಿ ಮಾವ ಇದನ್ನೆಲ್ಲ ಸಹಿಸಿದರು. ಈಗ ದುಡ್ಡು ಸೀದಾ ಬ್ಯಾಂಕಿಗೆ ಬರುತ್ತೆ. ರಿವಾಲ್ವರ್ ಹೊರಗೆ ಬರೋದು ಚುನಾವಣೆ ಹೊತ್ತಿಗೆ ಠಾಣೆಯಲ್ಲಿ ಒಪ್ಪಿಸೋಕೆ.

ಫೋನಲ್ಲಿದ್ದ ಹುಡುಗನಿಗೆ ಮಾವ ಕೊನೆಗೆ ಕೇಳಿದ್ದು ಒಂದೇ: "ತಿಂಗಳಿಗೆ ಎಷ್ಟು ಸಲ ರೇಂಜಿಗೆ ಹೋಗ್ತೀಯ?" ಆ ಕಡೆಯಿಂದ ಸದ್ದಿಲ್ಲ. ಅತ್ತೆ ಕಾಫಿ ತಂದರು.