ಎಲ್ಲೋ ಬೋರ್ಡ್ ಅಲ್ಲ, ಮನೆ ಕಾರು

ಹಾಸನ, 11 ಮಾರ್ಚ್ 2026, ಬುಧವಾರ

ನಮ್ಮ ಟೊಯೋಟಾ ಇಟಿಯೋಸ್ ಕಾರಿನ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯವಾ ಅನ್ನುವ ತಪಾಸಣೆ, ಇವತ್ತು ಮುಗಿಯಿತು. ಮುಂದಿನ ತಿಂಗಳಿಗೆ ಆರ್‌ಸಿಗೆ (ನೋಂದಣಿ ಪತ್ರಕ್ಕೆ) 15 ವರ್ಷ ತುಂಬುತ್ತದೆ, ಇನ್ನೈದು ವರ್ಷಕ್ಕೆ ನವೀಕರಣ. ಇನ್ಸ್‌ಪೆಕ್ಟರ್ ಚಾಸಿ ನಂಬರ್ ತಾಳೆ ನೋಡಿದರು, ಲೈಟು, ಇಂಡಿಕೇಟರು, ಹಾರ್ನು ಹಾಕಿಸಿದರು, ಬಾನೆಟ್ ಎತ್ತಿಸಿ ಎಂಜಿನ್ ಸ್ಟಾರ್ಟ್ ಮಾಡಿಸಿದರು. ಆಮೇಲೆ ಒಂದೇ ಪ್ರಶ್ನೆ: "ಮೊದಲು ಟ್ಯಾಕ್ಸಿ ಆಗಿತ್ತಾ?" ಇಲ್ಲ ಸಾರ್, ಹುಟ್ಟಿನಿಂದಲೂ ವೈಟ್ ಬೋರ್ಡೇ ಅಂದೆ. ಈ ಮಾತನ್ನು ನಾನು ಇಷ್ಟು ವರ್ಷದಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ.

ಇದೇ ಕೆಲಸ ಮುಂದೆ ಇರುವವರಿಗೆ ಒಂದೆರಡು ಮಾತು. ಅವಧಿ ಮುಗಿಯುವ 60 ದಿನ ಮೊದಲಿನಿಂದಲೇ ಅರ್ಜಿ ಹಾಕಬಹುದು, ಫಾರಂ 25. ಕಾರಿಗೆ ಶುಲ್ಕ 5,000 ರೂಪಾಯಿ. 2022ರ ಏಪ್ರಿಲ್‌ಗೆ ಮೊದಲು ಇದೇ ಕೆಲಸ 600 ರೂಪಾಯಿಗೆ ಆಗುತ್ತಿತ್ತು. ಹಸಿರು ತೆರಿಗೆ ಬೇರೆ. ತಡ ಮಾಡಿದರೆ ತಿಂಗಳಿಗೆ 500ರಂತೆ ದಂಡ ಬೆಳೆಯುತ್ತದೆ. ವಿಮೆ, ಎಮಿಷನ್ ಸರ್ಟಿಫಿಕೇಟು, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟು ಮೂರೂ ಸರಿಯಿರಲಿ. ಮತ್ತೆ, "ಹದಿನೈದು ವರ್ಷ ಆದ್ರೆ ಗುಜರಿಗೆ ಹಾಕ್ಲೇಬೇಕಂತೆ" ಅಂತ ಮದುವೆ ಮನೆಗಳಲ್ಲಿ ಹೇಳುವ ಭಾವಂದಿರ ಮಾತು ನಂಬಬೇಡಿ. ಆ ಗಲಾಟೆಯೆಲ್ಲ ದೆಹಲಿ ಕಡೆಯದು. ನಮ್ಮಲ್ಲಿ ಗಾಡಿ ಪಾಸಾದರೆ ಓಡಿಸಬಹುದು.

2011ರಲ್ಲಿ ಇದನ್ನು ತಂದಾಗ ಯಾರೂ ಹೊಗಳಲಿಲ್ಲ. 2010ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದಾಗ ಆರಂಭದ ಬೆಲೆ ಐದು ಲಕ್ಷಕ್ಕೆ ಸ್ವಲ್ಪ ಕಡಿಮೆ, ಈ ಕಾರಿಗಾಗಿಯೇ ಬಿಡದಿಯಲ್ಲಿ ಟೊಯೋಟಾದ ಎರಡನೇ ಕಾರ್ಖಾನೆ. ಟೊಯೋಟಾ ಅಂದರೆ ಆಗ ನಮಗೆಲ್ಲ ಕ್ವಾಲಿಸ್, ಇನೋವಾ. ಅದೇ ಹೆಸರಿನ ಕಾರು ನಮ್ಮ ಬಜೆಟ್ಟಿಗೆ ಸಿಕ್ಕಿತು ಅಂತ ನನಗೆ ಖುಷಿ. ಪತ್ರಿಕೆಗಳು ಮಾತ್ರ ಒಳಗಿನ ಪ್ಲಾಸ್ಟಿಕ್ಕು ಸಾಧಾರಣ, ರೂಪ ತೀರಾ ಸಪ್ಪೆ ಅಂತ ಬರೆದವು. ಸುಳ್ಳಲ್ಲ. ಪಕ್ಕದ ಶೋರೂಮುಗಳ ಕಾರುಗಳ ಎದುರು ನಿಲ್ಲಿಸಿದರೆ ಕಣ್ಣು ಇದರ ಮೇಲೆ ನಿಲ್ಲುತ್ತಿರಲಿಲ್ಲ.

ಅಪ್ಪ ಮಾತ್ರ ಹಿಂದಿನ ಸೀಟಿನಲ್ಲಿ ಕೂತು, ಕಾಲು ಚಾಚಿ, ಇದೇ ಇರಲಿ ಅಂದುಬಿಟ್ಟರು. ಅವರಿಗೆ ಮಂಡಿನೋವು. ಹಿಂದೆ ನೆಲ ಹೆಚ್ಚುಕಮ್ಮಿ ಸಪಾಟು, ನಡುವೆ ಕೂತವರು ಕಾಲು ಎತ್ತಿಟ್ಟುಕೊಂಡು ಒದ್ದಾಡಬೇಕಿಲ್ಲ. ಡಿಕ್ಕಿ ತೆಗೆದು ತೋರಿಸಿದಾಗ ಅಮ್ಮನ ತೀರ್ಮಾನವೂ ಆಯಿತು. 595 ಲೀಟರು. ಆ ಸಂಖ್ಯೆ ಅವರಿಗೆ ಬೇಕಿರಲಿಲ್ಲ, "ಎರಡು ಮೂಟೆ ಅಕ್ಕಿ ಇಟ್ಟು ಮೇಲೆ ತೆಂಗಿನಕಾಯಿ ಚೀಲ ಹಾಕಬಹುದು" ಅಂದರು. ಹಾಕಿದ್ದೇವೆ. ಅರಸೀಕೆರೆಯಿಂದ ಕಾಯಿ, ಊರಿನಿಂದ ಆಲೂಗಡ್ಡೆ, ಹಬ್ಬಕ್ಕೆ ಬಾಳೆಕಂದು, ಒಮ್ಮೆ ತಂಗಿಯ ಮದುವೆಯ ಹಿತ್ತಾಳೆ ಹಂಡೆ.

ಎಲ್ಲಿ ಉಳಿಸಿದ್ದಾರೆ, ಎಲ್ಲಿ ಖರ್ಚು ಮಾಡಿದ್ದಾರೆ ಅನ್ನೋದು ಗೊತ್ತಾಗಲು ನನಗೆ ವರ್ಷಗಳೇ ಬೇಕಾದವು. ಕಣ್ಣಿಗೆ ಬೀಳುವ ಕಡೆಯೆಲ್ಲ ಉಳಿಸಿದ್ದಾರೆ. ಬಾನೆಟ್ ಕೆಳಗೆ ಉಳಿಸಿಲ್ಲ. 1496 ಸಿಸಿ ಎಂಜಿನ್, 90 ಪಿಎಸ್ ಶಕ್ತಿ, ಬೆಲ್ಟಿನ ಹಾಗೆ ಬದಲಿಸುತ್ತಿರಬೇಕಿಲ್ಲದ ಟೈಮಿಂಗ್ ಚೈನ್. ಗಾಡಿಯ ತೂಕ ಒಂದು ಟನ್ನಿಗಿಂತ ಕಡಿಮೆ. ಕಾಗದದ ಮೇಲೆ ಇದೇನು ದೊಡ್ಡದಲ್ಲ. ಆದರೆ ಶಿರಾಡಿ ಘಾಟಿಯಲ್ಲಿ ಐದು ಜನ, ತುಂಬಿದ ಡಿಕ್ಕಿ, ಎಸಿ, ಎದುರಿಗೆ ಗ್ಯಾಸ್ ಟ್ಯಾಂಕರ್ ಸಾಲು. ಗುಂಡ್ಯ ಬಿಟ್ಟು ಮೇಲಕ್ಕೆ ಹತ್ತುವಾಗ ಮೂರನೇ ಗೇರಿನಲ್ಲೇ ಎಳೆಯುತ್ತದೆ. ಓವರ್‌ಟೇಕ್‌ಗೆ ಸಿಗುವ ಸಣ್ಣ ಜಾಗದಲ್ಲಿ ಯೋಚನೆ ಮಾಡದೆ ಮುಂದೆ ಹೋಗುತ್ತದೆ. ಆಗಿನ ಬಹುತೇಕ ಸಣ್ಣ ಸೆಡಾನುಗಳದ್ದು 1.2 ಲೀಟರ್ ಪೆಟ್ರೋಲ್ ಎಂಜಿನ್ನು. ಭಾವನದೂ ಅದೇ ವರ್ಗದ ಕಾರು. ಘಾಟಿಯಲ್ಲಿ ಎಸಿ ಆಫ್ ಮಾಡಿಕೊಂಡು ಬರುತ್ತಿದ್ದ.

ಮೀಟರ್ ವಿಷಯ ಹೇಳದೆ ಈ ಕಾರಿನ ಕಥೆ ಮುಗಿಯಲ್ಲ. ಸ್ಟೀರಿಂಗ್ ಹಿಂದೆ ಇರಬೇಕಾದ ಮೀಟರು ಡ್ಯಾಶ್‌ಬೋರ್ಡಿನ ನಟ್ಟನಡುವೆ ಇದೆ. ಇದೇ ಕಾರು ಬಿಡದಿಯಿಂದ ದಕ್ಷಿಣ ಆಫ್ರಿಕಾಕ್ಕೆ ಹೋಯಿತು, ಬ್ರೆಜಿಲ್‌ನಲ್ಲಿ ಎಡಗಡೆ ಸ್ಟೀರಿಂಗಿನೊಂದಿಗೆ ತಯಾರಾಯಿತು. ಎರಡೂ ಕಡೆಗೆ ಒಂದೇ ಜೋಡಣೆ ಸಾಕಾಗಲಿ ಅಂತ ಹೀಗಿಟ್ಟಿರಬೇಕು ಅಂತ ನನ್ನ ಅಂದಾಜು. ಓಡಿಸುವವನ ಕಣ್ಣು ಒಂದು ವಾರದಲ್ಲಿ ಒಗ್ಗಿಹೋಗುತ್ತದೆ. ತೊಂದರೆ ಬೇರೆ: ಗಾಡಿಯಲ್ಲಿ ಕೂತ ಎಲ್ಲರಿಗೂ ಸ್ಪೀಡು ಕಾಣುತ್ತದೆ. ಚನ್ನರಾಯಪಟ್ಟಣ ದಾಟಿ ರಸ್ತೆ ಬಿಡುವಾಗಿದೆ ಅಂತ ಸ್ವಲ್ಪ ಒತ್ತಿದರೆ ಸಾಕು, ಹಿಂದಿನಿಂದ ಅಮ್ಮ "ತೊಂಬತ್ತೈದು" ಅನ್ನುತ್ತಾರೆ. ಬೈಯುವುದಿಲ್ಲ, ಬರೀ ಸಂಖ್ಯೆ ಹೇಳುತ್ತಾರೆ. ನನಗೆ ಇದುವರೆಗೆ ಸ್ಪೀಡಿನ ದಂಡ ಬಿದ್ದಿಲ್ಲ, ಅದರ ಶ್ರೇಯಸ್ಸು ಯಾರಿಗೆ ಅಂತ ಬೇರೆ ಹೇಳಬೇಕಿಲ್ಲ.

ವೈಪರ್ ಕೂಡ ಒಂದೇ, ಉದ್ದದ್ದು. ಸಕಲೇಶಪುರದ ಮಳೆಗೆ ಇದೊಂದು ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಕಡೆ ಗಾಜು ಚೆನ್ನಾಗಿಯೇ ಒರೆಸುತ್ತದೆ, ಪಕ್ಕದವರ ಕಡೆ ಮೇಲಿನ ಮೂಲೆ ಉಳಿದುಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಬ್ಲೇಡು ಬದಲಿಸಿದರೆ ಆಯಿತು. ಒಂದೇ ಬ್ಲೇಡಿನ ದುಡ್ಡು.

ಇನ್ನು ಟ್ಯಾಕ್ಸಿ ವಿಚಾರ. ನಾವು ತಂದ ಒಂದೆರಡು ವರ್ಷದಲ್ಲೇ ಬಿಳಿ ಇಟಿಯೋಸ್ ಅಂದರೆ ಟ್ಯಾಕ್ಸಿ ಅಂತ ಆಗಿಹೋಯಿತು. ಬೆಂಗಳೂರಿನ ಆಪ್ ಕ್ಯಾಬುಗಳಲ್ಲಿ ಅರ್ಧಕ್ಕರ್ಧ ಇದೇ ಇದ್ದ ಕಾಲವೊಂದಿತ್ತು ಅನ್ನಿಸುತ್ತಿತ್ತು. ಮೆಜೆಸ್ಟಿಕ್ ಹತ್ತಿರ ಯಾರಿಗೋ ಕಾಯುತ್ತ ನಿಂತರೆ ಹಿಂದಿನ ಬಾಗಿಲು ತೆಗೆದು ಕೂತು ಓಟಿಪಿ ಹೇಳುತ್ತಿದ್ದರು. ಛತ್ರದ ವಾಚ್‌ಮನ್ "ಡ್ರೈವರ್‌ಗಳಿಗೆ ಊಟ ಆ ಕಡೆ" ಅಂತ ನನಗೆ ಕೈ ತೋರಿಸಿದ್ದಾನೆ. ಮನೆಯವಳಿಗೆ ಇದರಿಂದ ಬೇಜಾರಾಗುತ್ತಿತ್ತು. ನನಗೆ ಮೊದಮೊದಲು ಕಿರಿಕಿರಿ, ಆಮೇಲೆ ಒಂಥರಾ ಧೈರ್ಯ ಬಂತು. ದಿನಕ್ಕೆ ಮುನ್ನೂರು ಕಿಲೋಮೀಟರ್ ಓಡಿಸಿ ಇಎಂಐ ಕಟ್ಟುವವನು ಚಂದ ನೋಡಿ ಗಾಡಿ ಆರಿಸುವುದಿಲ್ಲ. ಯಾವ ಗಾಡಿ ಗ್ಯಾರೇಜಿನಲ್ಲಿ ನಿಂತರೆ ಅವನ ಮನೆಯಲ್ಲಿ ಒಲೆ ಆರುತ್ತದೋ ಆ ಗಾಡಿಯ ಬಗ್ಗೆ ಅವನ ಮಾತೇ ವಿಮರ್ಶೆ. ಬಿ.ಎಂ. ರಸ್ತೆಯ ಸ್ಟ್ಯಾಂಡಿನಲ್ಲಿ ಡೀಸೆಲ್ ಇಟಿಯೋಸ್ ಇಟ್ಟವರೊಬ್ಬರಿದ್ದಾರೆ. ಅವರದು ನಾಲ್ಕು ಲಕ್ಷ ಕಿಲೋಮೀಟರ್ ದಾಟಿದೆ ಅನ್ನುತ್ತಾರೆ. ಯಾವ ಬುಶ್ ಯಾವಾಗ ಹೋಗುತ್ತದೆ, ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನುವುದನ್ನೆಲ್ಲ ನಾನು ಕಲಿತದ್ದು ಅವರಿಂದ, ಚಹಾದ ಖರ್ಚಿನಲ್ಲಿ.

ನಮ್ಮದು ಈಗ ಒಂದೂಮುಕ್ಕಾಲು ಲಕ್ಷ ಕಿಲೋಮೀಟರಿನ ಆಸುಪಾಸು. ಎಂಜಿನ್ ಬಿಚ್ಚಿಲ್ಲ, ಗೇರ್‌ಬಾಕ್ಸ್ ಬಿಚ್ಚಿಲ್ಲ. ಕ್ಲಚ್ ಪ್ಲೇಟು ಲಕ್ಷ ದಾಟಿದ ಮೇಲೆ ಒಮ್ಮೆ, ಬ್ಯಾಟರಿ ನಾಲ್ಕು ವರ್ಷಕ್ಕೊಂದರಂತೆ, ಟೈರು ಸವೆಯುವ ಮೊದಲೇ ವಯಸ್ಸಾಗಿ ಬದಲಿಸಿದ್ದು, ಸಸ್ಪೆನ್ಷನ್ ಬುಶ್ಶುಗಳು, ಕೂಲೆಂಟು, ಪ್ಲಗ್ಗು. ಆಯಿಲ್ ಮಾತ್ರ ಓಡಲಿ ಬಿಡಲಿ ವರ್ಷಕ್ಕೊಮ್ಮೆ ಬದಲಿಸಿದ್ದೇನೆ, ಅದರಲ್ಲಿ ರಾಜಿ ಇಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಅನ್ನುವ ಹೊಸ ಹೊಗೆ ನಿಯಮ ಬಂದಾಗ ಈ ಕಾರಿನ ತಯಾರಿಕೆಯೇ ನಿಂತುಹೋಯಿತು, ಇನ್ನು ಸಾಮಾನು ಸಿಗಲ್ಲ ಅಂತ ಹೆದರಿಸಿದವರಿದ್ದರು. ನನಗೆ ಅಂಥ ತೊಂದರೆ ಆಗಿಲ್ಲ. ಇಷ್ಟೊಂದು ಟ್ಯಾಕ್ಸಿ ಓಡುತ್ತಿರುವವರೆಗೆ ಸಾಮಾನು ಮಾರುವವನೂ ಇರುತ್ತಾನೆ. ಅಲ್ಲಿಗೆ ಟ್ಯಾಕ್ಸಿ ಅನ್ನಿಸಿಕೊಂಡದ್ದರ ಲಾಭವೂ ಬಂದ ಹಾಗಾಯಿತು.

ಹೆಚ್ಚು ಕಾಡಿದ್ದು ಇಲಿ. ಜುಲೈ, ಆಗಸ್ಟ್ ಬಂತೆಂದರೆ ಹೊರಗೆ ಚಳಿ, ಬಾನೆಟ್ ಕೆಳಗೆ ಬೆಚ್ಚಗೆ. ಒಂದು ಬೆಳಿಗ್ಗೆ ಸ್ಟಾರ್ಟೇ ಆಗಲಿಲ್ಲ, ನೋಡಿದರೆ ವೈರಿಂಗ್ ಕಡಿದು ಹತ್ತಿಯ ಗೂಡು ಕಟ್ಟಿದೆ. ಹೊಗೆಸೊಪ್ಪಿನ ಕಟ್ಟು ಇಟ್ಟೆ, ಡಾಂಬರುಗುಳಿಗೆ ಇಟ್ಟೆ, ಸ್ಪ್ರೇ ಹೊಡೆದೆ. ಹೊಗೆಸೊಪ್ಪಿನ ಮೇಲೇ ಮಲಗಿದ್ದ ಇಲಿಯನ್ನು ನೋಡಿದ ಮೇಲೆ ಆ ನಂಬಿಕೆ ಹೋಯಿತು. ಕೊನೆಗೆ ಮೇಸ್ತ್ರಿ ಕೆಳಗಿನಿಂದ ತಂತಿಬಲೆ ಹೊಡೆದುಕೊಟ್ಟ. ಬಲೆ, ಜೊತೆಗೆ ರಾತ್ರಿ ನಿಲ್ಲಿಸಿದಾಗ ಬಾನೆಟ್ ಸ್ವಲ್ಪ ತೆರೆದಿಡುವುದು. ಮರೆ ಇಲ್ಲದಿದ್ದರೆ ಇಲಿಗೆ ಮನಸ್ಸಾಗುವುದಿಲ್ಲವಂತೆ. ಇದನ್ನೂ ಹೇಳಿಕೊಟ್ಟದ್ದು ಸ್ಟ್ಯಾಂಡಿನವರೇ.

ಪೆಟ್ರೋಲ್ ಈಗ ಹೊಸ ತಲೆನೋವು. ಲೀಟರಿಗೆ ಊರೊಳಗೆ 12-13, ಹೆದ್ದಾರಿಯಲ್ಲಿ 17 ಕಿಲೋಮೀಟರ್ ಕೊಡುತ್ತಿದ್ದ ಗಾಡಿಯ ಮೈಲೇಜು, ಬಂಕುಗಳಲ್ಲಿ ಇ20 (ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್) ಬಂದಮೇಲೆ ಸ್ವಲ್ಪ ಇಳಿದಿದೆ. ಇಳಿಯಲೇಬೇಕು. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ. ಹಳೆಯ ಕಾರುಗಳಲ್ಲಿ ಶೇ 6-7ರಷ್ಟು ಮೈಲೇಜ್ ಕಡಿಮೆಯಾಗಬಹುದು ಅಂತ 2021ರ ನೀತಿ ಆಯೋಗದ ವರದಿಯೇ ಹೇಳಿತ್ತು. ಮೈಲೇಜಿಗಿಂತ ನನಗೆ ಚಿಂತೆ ರಬ್ಬರಿನದು. ಹದಿನೈದು ವರ್ಷದ ಪೈಪು, ಸೀಲುಗಳು ಇದಕ್ಕೆಂದು ಮಾಡಿದವಲ್ಲ. ಎಫ್‌ಸಿಗೆ ಮುಂಚೆ ಇಂಧನದ ಹೋಸುಗಳನ್ನು ಮುಂಜಾಗ್ರತೆಗೆ ಬದಲಿಸಿಬಿಟ್ಟೆ. ಎಥೆನಾಲ್ ಕಬ್ಬಿನಿಂದಲೂ ಬರುತ್ತದಲ್ಲ, ಕಬ್ಬು ಬೆಳೆಯುವ ಮಂಡ್ಯದ ಮಾವನಿಗೆ ಇದನ್ನು ಹೇಳಿದರೆ, "ನಿನ್ ಕಾರು ನಮ್ ಕಬ್ಬಿನ ಹಾಲು ಕುಡೀತೈತೆ, ಪುಣ್ಯ ಮಾಡಿತ್ತು" ಅಂತ ನಕ್ಕರು. ಸಕ್ಕರೆ ಫ್ಯಾಕ್ಟರಿಯಿಂದ ಅವರ ಕಬ್ಬಿನ ಬಾಕಿ ಬಂದಿದೆಯಾ ಅಂತ ಕೇಳಿದೆ, ಮಾತು ಬದಲಿಸಿದರು.

ಇಷ್ಟೆಲ್ಲ ಆದರೂ ಮನೆಯಲ್ಲಿ ಈಗ ಹೊಸ ಕಾರಿನ ಮಾತು ನಡೆಯುತ್ತಿದೆ. ಕಾರಣ ಗಾಡಿ ಹಾಳಾಗಿದ್ದಲ್ಲ. ಮಗಳಿಗೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಬಂದಿದೆ. ನಮ್ಮದು ಕೆಳಗಿನ ವೇರಿಯಂಟು, ಏರ್‌ಬ್ಯಾಗೂ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕಾಗದಂತೆ ತಡೆಯುವ ಎಬಿಎಸ್ಸೂ ಇಲ್ಲ. 2011ರಲ್ಲಿ ಅವು ದುಡ್ಡು ಹೆಚ್ಚು ಕೊಟ್ಟವರಿಗೆ ಮಾತ್ರ. ಎಲ್ಲ ಹೊಸ ಕಾರಿಗೂ ಎಬಿಎಸ್, ಡ್ರೈವರ್ ಏರ್‌ಬ್ಯಾಗು ಕಡ್ಡಾಯವಾದದ್ದು 2019ರಲ್ಲಿ. ಇದರ ತಮ್ಮ, ಅಂದರೆ ಇದೇ ಕಾರಿನ ಹ್ಯಾಚ್‌ಬ್ಯಾಕ್ ರೂಪ ಲೀವಾಗೆ, ಕಾರು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ 2016ರಲ್ಲಿ 4 ನಕ್ಷತ್ರ ಕೊಟ್ಟಿತು ನಿಜ, ಆದರೆ ಗುದ್ದಿಸಿದ್ದು ಏರ್‌ಬ್ಯಾಗ್ ಇದ್ದ ಕಾರನ್ನು. ನಾನು ಇಷ್ಟು ವರ್ಷ ಇದರಲ್ಲಿ ಓಡಾಡಿದ್ದೇನೆ, ಅದು ಬೇರೆ ಮಾತು. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಚಕ್ರ ಲಾಕಾಗುವ ಮುಂಚೆ ಕಾಲು ಸಡಿಲ ಮಾಡಬೇಕು ಅನ್ನುವುದು ನನ್ನ ಕಾಲಿಗೆ ಗೊತ್ತು, ಅವಳ ಕಾಲಿಗೆ ಗೊತ್ತಿಲ್ಲ. ಹೆದ್ದಾರಿಗೆ ಅವಳನ್ನು ಇದರಲ್ಲಿ ಕಳಿಸಲಾರೆ. ಮಾರುತಿಯ ಹೊಸ ಡಿಸೈರ್‌ಗೆ ಅದೇ ಗ್ಲೋಬಲ್ ಎನ್‌ಕ್ಯಾಪ್ 2024ರಲ್ಲಿ 5 ನಕ್ಷತ್ರ ಕೊಟ್ಟಿದೆ, ಆರು ಏರ್‌ಬ್ಯಾಗುಗಳು ಎಲ್ಲ ವೇರಿಯಂಟಿಗೂ ಇವೆ. ಈ ಒಂದು ಲೆಕ್ಕದಲ್ಲಿ ಹಳೆಯ ಕಾರಿನ ಪರ ವಾದ ಮಾಡಲು ನನ್ನ ಬಳಿ ಏನೂ ಇಲ್ಲ.

ಕಳೆದ ಭಾನುವಾರ ಅದನ್ನೂ ಹೋಂಡಾದ ಅಮೇಜನ್ನೂ ನೋಡಿ ಬಂದೆವು. ಮಗಳು ಸ್ಕ್ರೀನು, ಕ್ಯಾಮೆರಾ ನೋಡುತ್ತಿದ್ದಳು, ಅಮ್ಮ ಸೀದಾ ಹೋಗಿ ಡಿಕ್ಕಿ ತೆಗೆಸಿದರು. ಡಿಸೈರ್‌ದು 382 ಲೀಟರು, ಅಮೇಜ್‌ದು 416. "ಇಷ್ಟೇನಾ?" ಅಂದರು, ಶೋರೂಮಿನ ಹುಡುಗನಿಗೆ ಪಾಪ ಉತ್ತರ ಗೊತ್ತಾಗಲಿಲ್ಲ. ಉತ್ತರ ತೆರಿಗೆಯಲ್ಲಿದೆ. 2006ರ ಬಜೆಟ್ಟಿನಿಂದ 4 ಮೀಟರ್ ಒಳಗಿನ ಕಾರಿಗೆ ರಿಯಾಯಿತಿ, ಹಾಗಾಗಿ ಸೆಡಾನುಗಳ ಹಿಂಭಾಗವನ್ನು ಕತ್ತರಿಸಿ ಅಷ್ಟರೊಳಗೆ ಕೂರಿಸಿದರು. ಇಟಿಯೋಸ್ 4265 ಮಿಲಿಮೀಟರ್, ಆ ರಿಯಾಯಿತಿಗೆ ಸಿಗಲೇ ಇಲ್ಲ. 2025ರ ಸೆಪ್ಟೆಂಬರ್‌ನಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ 18, ಅಳತೆ ಮೀರಿದರೆ ಶೇ 40. ಇವತ್ತು ಇದೇ ಕಾರನ್ನು ಇದೇ ಉದ್ದಕ್ಕೆ ಮಾಡಿ ಮಾರಿದರೆ ಯಾರ ಬಜೆಟ್ಟಿಗೂ ಬಾರದು. ಅಮ್ಮನ ಮೂಟೆಗಳು ಇನ್ನು ಲಗೇಜ್ ಆಟೋದಲ್ಲೇ ಬರಬೇಕು.

ಮಗಳಿಗೆ ಪಕ್ಕಾ ಲೈಸೆನ್ಸ್ ಬರುವವರೆಗೆ ಇದರಲ್ಲೇ ಕಲಿಯಲಿ ಅಂತ ತೀರ್ಮಾನವಾಗಿದೆ, ಊರೊಳಗೆ ಮಾತ್ರ, ನಾನು ಪಕ್ಕದಲ್ಲಿ ಕೂತು. ಇದರ ಕ್ಲಚ್ ಹಗುರ, ಕಲಿಯುವವರಿಗೆ ಒಳ್ಳೆಯದು. ಎರಡು ಕಾರು ನಿಲ್ಲಿಸಲು ಮನೆ ಮುಂದೆ ಜಾಗವಿಲ್ಲ, ಹಾಗಾಗಿ ದೀಪಾವಳಿ ಹೊತ್ತಿಗೆ ಒಂದು ಹೋಗಬೇಕಾಗುತ್ತದೆ. ಎಫ್‌ಸಿ ಆಯ್ತು ಅಂತ ಸಂಜೆ ಸ್ಟ್ಯಾಂಡಿನಲ್ಲಿ ಹೇಳಿದಾಗ ಡೀಸೆಲ್ ಇಟಿಯೋಸಿನವರು, ಮಾರುವುದಾದರೆ ಮೊದಲು ನನಗೆ ಹೇಳಬೇಕು ಅಂದರು. ಟ್ಯಾಕ್ಸಿಗಲ್ಲ, ಮನೆಗಂತೆ. ಅವರ ಹೆಂಡತಿ ಮಕ್ಕಳು ಇನ್ನೂ ಎಲ್ಲೋ ಬೋರ್ಡಿನಲ್ಲೇ ಓಡಾಡುತ್ತಿದ್ದಾರಂತೆ. ಏರ್‌ಬ್ಯಾಗ್ ಇಲ್ಲ ಅನ್ನೋದನ್ನು ಅವರಿಗೆ ಮತ್ತೊಮ್ಮೆ ಬಿಡಿಸಿ ಹೇಳಿದೆ. "ಗೊತ್ತು ಸಾರ್, ರೇಟ್ ಹೇಳಿ" ಅಂದರು. ಇನ್ನೂ ಹೇಳಿಲ್ಲ.