ಗ್ಯಾಂಡಾಲ್ಫ್‌ನನ್ನು ಒಂದೇ ನಾಣ್ಯಕ್ಕೆ ಕರೆಸುವ ಡೆಕ್

2011ರಲ್ಲಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್: ದಿ ಕಾರ್ಡ್ ಗೇಮ್’ನಲ್ಲಿ ಆಟಗಾರರು ಪರಸ್ಪರ ಸೆಣಸದೆ, ಎಲ್ಲರೂ ಒಂದಾಗಿ ಆಟವನ್ನೇ ಎದುರಿಸುತ್ತಾರೆ. ನಾನು ಕಟ್ಟಿಕೊಂಡ 50 ಕಾರ್ಡುಗಳ ಡೆಕ್ಕಿಗೆ ಆರಗಾರ್ನ್, ಥಿಯೋಡ್ರೆಡ್ ಮತ್ತು ಎಯೋವಿನ್ ನಾಯಕರು. ಇವರ ಬೆದರಿಕೆಯ ಅಂಕಗಳ ಮೊತ್ತ 29. ಇಲ್ಲಿಂದ ಶುರುವಾಗಿ ಸುತ್ತು ಸುತ್ತಿಗೂ ಏರುವ ನನ್ನ ಬೆದರಿಕೆ 50 ಮುಟ್ಟಿದರೆ ಆಟದಿಂದ ಹೊರಗೆ.

ಮೂವರನ್ನೂ ಅನ್ವೇಷಣೆಗೆ ಕಳುಹಿಸಿದರೆ ಥಿಯೋಡ್ರೆಡ್ ಆರಗಾರ್ನ್‌ಗೆ ಒಂದು ಸಂಪನ್ಮೂಲ (ಕಾರ್ಡುಗಳ ಬೆಲೆ ತೆರುವ ನಾಣ್ಯ) ಕೊಡುತ್ತಾನೆ. ಅನ್ವೇಷಣೆಯಲ್ಲಿ ದಣಿದ ಆರಗಾರ್ನ್ ಅದನ್ನೇ ವ್ಯಯಿಸಿ ಮತ್ತೆ ಎದ್ದು ನಿಂತು, ಅದೇ ಸುತ್ತಿನ ಕಾಳಗಕ್ಕೂ ಒದಗುತ್ತಾನೆ. ಆದರೆ ಡೆಕ್ಕಿನ ನಿಜವಾದ ಜೀವಾಳವೆಂದರೆ ‘ಸ್ನೀಕ್ ಅಟ್ಯಾಕ್’ ಎಂಬ ಕಾರ್ಡು. ಐದು ಸಂಪನ್ಮೂಲ ಬೇಡುವ ಮಾಂತ್ರಿಕ ಗ್ಯಾಂಡಾಲ್ಫ್‌ನನ್ನು ಇದು ಒಂದಕ್ಕೇ ಇಳಿಸುತ್ತದೆ. ಕಾಳಗದ ಹಂತದಲ್ಲಿ ಕರೆಸಿದರೆ ಆತ ಬರುತ್ತಲೇ ಒಬ್ಬ ಶತ್ರುವಿಗೆ 4 ಹಾನಿ ಮಾಡಿ, ಇನ್ನೊಬ್ಬನ ಹೊಡೆತವನ್ನು ತಡೆದು, ಹಂತ ಮುಗಿದೊಡನೆ ಕೈಗೆ ಮರಳುತ್ತಾನೆ. ಬೆದರಿಕೆ ನಲವತ್ತು ದಾಟಿದ್ದರೆ ಮಾತ್ರ ನಾನು ಹಾನಿಯ ಆಸೆ ಬಿಟ್ಟು, ಆತನಿಂದಲೇ ಅದನ್ನು 5ರಷ್ಟು ಇಳಿಸಿಕೊಳ್ಳುತ್ತೇನೆ.

ಮೂರು ಪ್ರತಿಗಳಿದ್ದರೂ ‘ಸ್ನೀಕ್ ಅಟ್ಯಾಕ್’ ಆರಂಭದಲ್ಲಿ ಕೈಗೆ ಬರುವ ಆರು ಕಾರ್ಡುಗಳಲ್ಲಿ ಸಿಗುವ ಸಂಭವ ಸುಮಾರು ಶೇ. 32, ಆ ಆರನ್ನೂ ಮರಳಿಸಿ ಹೊಸ ಆರು ಪಡೆಯುವ, ಅಂದರೆ ಕೈ ಬದಲಿಸುವ, ಒಂದು ಅವಕಾಶವನ್ನೂ ಸೇರಿಸಿದರೆ ಶೇ. 54. ಹಾಗಿದ್ದೂ ನಾನು ಕೈ ಬದಲಿಸುವುದು ‘ಸ್ಟೀವರ್ಡ್ ಆಫ್ ಗೊಂಡೋರ್’ಗಾಗಿಯೇ, ಏಕೆಂದರೆ ಪ್ರತಿ ಸುತ್ತಿಗೂ ಎರಡು ಹೆಚ್ಚುವರಿ ಸಂಪನ್ಮೂಲ ಕೊಡುವ ಅದು ಮೊದಲ ಸುತ್ತಿಗೇ ಬಂದರೆ ಉಳಿದ ಲೆಕ್ಕಾಚಾರವೆಲ್ಲ ಹಗುರಾಗುತ್ತದೆ. ಕೈಯಲ್ಲುಳಿಯುವ ಅದರ ಎರಡನೆಯ ಪ್ರತಿಯೂ ದಂಡವಲ್ಲ. ಎಯೋವಿನ್ ಅದನ್ನು ಬಿಸಾಡಿ ಅನ್ವೇಷಣೆಗೆ ಬೇಕಾದ ತನ್ನ ಸಂಕಲ್ಪಶಕ್ತಿಯನ್ನು ಒಂದು ಅಂಕ ಏರಿಸಿಕೊಳ್ಳುತ್ತಾಳೆ.