ಶಿವಮೊಗ್ಗದಲ್ಲಿ ‘ಸ್ಟಾರ್ ವಾರ್ಸ್’ ವಾರ್ಷಿಕೋತ್ಸವ ಏಕೆ?

ಮೇ ತಿಂಗಳು ಬಂತೆಂದರೆ ಬಂಧುಗಳು, ನೆರೆಹೊರೆಯವರು, ರಜೆಯಲ್ಲಿ ಮಕ್ಕಳನ್ನು ನಮ್ಮ ಮನೆಗೆ ಕಳುಹಿಸುವ ತಂದೆತಾಯಿಯರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಒಂದೇ: ಎಲ್ಲೋ ಅಮೆರಿಕದವರು ತೆಗೆದ ‘ಸ್ಟಾರ್ ವಾರ್ಸ್’ ಎಂಬ ಚಿತ್ರಸರಣಿಯ ವಾರ್ಷಿಕೋತ್ಸವವನ್ನು ಶಿವಮೊಗ್ಗದಲ್ಲಿ ಕುಳಿತು ನೀವೇಕೆ ಆಚರಿಸುತ್ತೀರಿ? ಆ ಶ್ರದ್ಧೆಯನ್ನು ನಮ್ಮದೇ ಕಥೆಗಳಿಗೆ ಕೊಡಬಾರದೇ ಎಂದು ಕೆಲವರು ಮಾತು ಸೇರಿಸುವುದೂ ಉಂಟು. ಯಾರು ಕೇಳಿದರೂ ನಾನು ಉತ್ತರವನ್ನು ಸಕ್ರೆಬೈಲಿನಿಂದಲೇ ಆರಂಭಿಸುತ್ತೇನೆ.

ಈ ಸರಣಿಯ ಮೊದಲ ಚಿತ್ರ ಅಮೆರಿಕದಲ್ಲಿ ತೆರೆಕಂಡದ್ದು 1977ರ ಮೇ 25ರಂದು. ಅದರಲ್ಲಿ ದುಷ್ಟ ಸಾಮ್ರಾಜ್ಯದ ಪರವಾಗಿ ಕಾದಾಡುವ ‘ಟೈ ಫೈಟರ್’ ಎಂಬ ಪುಟ್ಟ ಯುದ್ಧನೌಕೆಗಳು ಮೈ ಜುಮ್ಮೆನ್ನುವಂತೆ ಚೀರುತ್ತ ಹಾದುಹೋಗುತ್ತವೆ. ಚಿತ್ರದ ಧ್ವನಿ ವಿನ್ಯಾಸಕರಾದ ಬೆನ್ ಬರ್ಟ್ ಆ ಚೀರಾಟವನ್ನು ಕಟ್ಟಿದ್ದು ಆನೆಯ ಘೀಳು ಮತ್ತು ಒದ್ದೆ ರಸ್ತೆಯ ಮೇಲೆ ಕಾರು ಓಡುವಾಗಿನ ಸದ್ದು, ಈ ಎರಡನ್ನು ಬೆರೆಸಿ. ಶಿವಮೊಗ್ಗದಿಂದ ಸುಮಾರು 14 ಕಿ.ಮೀ. ದೂರದಲ್ಲಿ, ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿರುವ ಸಕ್ರೆಬೈಲು ಆನೆ ಬಿಡಾರಕ್ಕೆ ಬೆಳಗಿನ ಹೊತ್ತು ಹೋದವರು, ಮಾವುತರು ತುಂಗೆಯ ನೀರಿನಲ್ಲಿ ಆನೆಗಳ ಮೈ ತಿಕ್ಕುವಾಗ ಆ ಘೀಳನ್ನು ಕೇಳಿರುತ್ತಾರೆ. ಬಿಡಾರದ ಪಕ್ಕದಲ್ಲೇ ತೀರ್ಥಹಳ್ಳಿಗೆ ಹೋಗುವ ರಸ್ತೆಯಿದೆ. ಮಳೆಗಾಲದಲ್ಲಿ ಅದು ಒಣಗುವುದೇ ಅಪರೂಪ. ಹಾಗಾಗಿ ಬಾಹ್ಯಾಕಾಶ ನೌಕೆಯೊಂದರ ಸದ್ದಿಗೆ ಬೇಕಾದ ಎರಡು ಸಾಮಗ್ರಿಗಳೂ ನಮ್ಮ ಮಕ್ಕಳಿಗೆ ಒಂದೇ ಜಾಗದಲ್ಲಿ ನಿಂತರೆ ದೊರಕುತ್ತವೆ. ಇದನ್ನು ಮೊದಲು ವಿವರಿಸಿದಾಗ ನನ್ನ ಅಣ್ಣನ ಮಗಳು, “ಅತ್ತೆ, ಹಾಗಾದ್ರೆ ಆ ನೌಕೆ ಕೂಗೋದು ನಮ್ಮ ಆನೆ ಥರಾನೇ ಅಲ್ವಾ?” ಎಂದು ಕೇಳಿದ್ದಳು. ನಮ್ಮ ಆಚರಣೆ ಬೆಳೆದದ್ದು ಆ ಪ್ರಶ್ನೆಯಿಂದ.

ಆ ಕಾಲದ ಅನೇಕ ವೈಜ್ಞಾನಿಕ ಕಥಾಚಿತ್ರಗಳಲ್ಲಿ ಭವಿಷ್ಯದ ಯಂತ್ರಗಳೆಂದರೆ ಎಲೆಕ್ಟ್ರಾನಿಕ್ ಉಪಕರಣಗಳು ಹೊರಡಿಸುವ ಕೃತಕ ನಾದವೇ ಆಗಿತ್ತು. ನಿರ್ದೇಶಕ ಜಾರ್ಜ್ ಲ್ಯೂಕಸ್ ಅವರಿಗೆ ಬೇಕಾಗಿದ್ದದ್ದು ತುಕ್ಕು ಹಿಡಿದ, ಬಳಸಿ ಸವೆದ, ನಿಜವೆನಿಸುವ ಜಗತ್ತು. ಅದಕ್ಕೆ ತಕ್ಕಂತೆ ಬರ್ಟ್ ಧ್ವನಿಮುದ್ರಣ ಯಂತ್ರವನ್ನು ಹೊತ್ತು ಹೊರಗೆ ಹೊರಟರು. ಚಿತ್ರದ ಪ್ರಸಿದ್ಧ ಬೆಳಕಿನ ಖಡ್ಗದ ಗುಂಯ್‌ಗುಡುವಿಕೆ ಮೂಲತಃ ಹಳೆಯ ಸಿನಿಮಾ ಪ್ರೊಜೆಕ್ಟರಿನ ಮೋಟಾರು ಸುಮ್ಮನೆ ತಿರುಗುವಾಗಿನ ಸದ್ದು; ಅದಕ್ಕೆ ಟಿ.ವಿ.ಯ ಹಿಂಭಾಗದಲ್ಲಿ ಮೈಕ್ ಹಾದಾಗ ಸಿಕ್ಕ ಝೇಂಕಾರವನ್ನು ಅವರು ಸೇರಿಸಿದರು. ಖಡ್ಗ ಬೀಸಿದಂತೆ ಕೇಳಿಸಲು ಮಾಡಿದ ಉಪಾಯವಂತೂ ಇನ್ನೂ ಸೊಗಸಾದದ್ದು: ಮುದ್ರಿಸಿದ ಸದ್ದನ್ನು ಸ್ಪೀಕರಿನಲ್ಲಿ ನುಡಿಸಿ, ಅದರ ಮುಂದೆ ಇನ್ನೊಂದು ಮೈಕನ್ನು ಬೀಸಿ ಮತ್ತೆ ಮುದ್ರಿಸಿಕೊಂಡರು. ಮೈಕ್ ಸ್ಪೀಕರಿನತ್ತ ಬರುವಾಗ ಸ್ವರ ಏರುತ್ತದೆ, ದೂರ ಸರಿಯುವಾಗ ಇಳಿಯುತ್ತದೆ. ಪಾಠದಲ್ಲಿ ಡಾಪ್ಲರ್ ಪರಿಣಾಮ ಎಂದು ಓದಿ ಮರೆಯುವ ಈ ತತ್ತ್ವವನ್ನು ನಮ್ಮ ಮನೆಯ ಜಗುಲಿಯಲ್ಲಿ ಒಂದು ಪುಟ್ಟ ಸ್ಪೀಕರ್ ಮತ್ತು ಮೊಬೈಲ್ ಫೋನ್ ಇಟ್ಟುಕೊಂಡು ಹತ್ತು ವರ್ಷದ ಮಕ್ಕಳೂ ತಾವಾಗಿ ಮಾಡಿ ನೋಡುತ್ತಾರೆ, ಒಬ್ಬರ ಬೀಸಿಗೂ ಇನ್ನೊಬ್ಬರ ಬೀಸಿಗೂ ಸದ್ದು ಹೇಗೆ ಬೇರೆಯಾಯಿತೆಂದು ವಾದಿಸುತ್ತಾರೆ.

ಚಿತ್ರದ ಬಂದೂಕುಗಳಿಂದ ಬರುವ ‘ಪ್ಯೂಂ’ ಎಂಬ ಸದ್ದಿಗಾಗಿ ಬರ್ಟ್ ರೇಡಿಯೊ ಗೋಪುರವೊಂದನ್ನು ಬಿಗಿದು ನಿಲ್ಲಿಸಿದ್ದ ಉಕ್ಕಿನ ತಂತಿಗೆ ಸುತ್ತಿಗೆಯಿಂದ ಬಡಿದರು. ಬಿಗಿಯಾದ, ದಪ್ಪನೆಯ ತಂತಿಯಲ್ಲಿ ಹೆಚ್ಚಿನ ಕಂಪನಾಂಕದ ಅಲೆಗಳು ಬೇಗ ಚಲಿಸುತ್ತವೆ, ಕಡಿಮೆ ಕಂಪನಾಂಕದವು ನಿಧಾನವಾಗಿ ಬರುತ್ತವೆ. ಆದ್ದರಿಂದ ದೂರದಲ್ಲಿ ನಿಂತವರಿಗೆ ಮೊದಲು ಕೀರಲು ಸ್ವರ, ಅದರ ಬೆನ್ನಿಗೆ ಇಳಿಯುವ ಸ್ವರ ಕೇಳಿಸುತ್ತದೆ. ಈ ಕಥೆ ಕೇಳಿದ ಮಕ್ಕಳು ಕಲ್ಲೆತ್ತಿಕೊಂಡು ವಿದ್ಯುತ್ ಕಂಬದ ಸ್ಟೇ ತಂತಿಯ ಕಡೆಗೆ ಹೊರಡುವ ಸಾಧ್ಯತೆ ಇರುವುದರಿಂದ, ಅದನ್ನು ಮುಟ್ಟಲೂ ಬಾರದೆಂದು ಮೊದಲೇ ಕಟ್ಟುನಿಟ್ಟಾಗಿ ಹೇಳಿಬಿಡುತ್ತೇನೆ. ಆಟಿಕೆಯ ಅಂಗಡಿಯಲ್ಲಿ ಸಿಗುವ ಉದ್ದನೆಯ ಲೋಹದ ಸ್ಪ್ರಿಂಗನ್ನು ಇಳಿಬಿಟ್ಟು, ಅದರ ಮೇಲ್ತುದಿಗೆ ಕಾಗದದ ಲೋಟವೊಂದನ್ನು ಸಿಕ್ಕಿಸಿ, ಕೆಳತುದಿಯನ್ನು ಚಮಚದಿಂದ ತಟ್ಟಿದರೆ ಅದೇ ಸದ್ದು ಅಪಾಯವಿಲ್ಲದೆ ಬರುತ್ತದೆ.

ಇಲ್ಲಿ ವಿಜ್ಞಾನ ಬಲ್ಲ ಹಿರಿಯರೊಬ್ಬರಾದರೂ ಆಕ್ಷೇಪ ಎತ್ತುತ್ತಾರೆ: ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಸದ್ದು ಸಾಗಲು ಮಾಧ್ಯಮವಿಲ್ಲ, ಹಾಗಿರುವಾಗ ನೌಕೆಗಳು ಚೀರುವುದೇ ತಪ್ಪಲ್ಲವೇ? ಆಕ್ಷೇಪ ಸರಿಯಾದದ್ದೇ, ಅದನ್ನು ಮಕ್ಕಳ ಎದುರೇ ಹೇಳಬೇಕೆಂದು ನಾನು ಅವರನ್ನು ಕೇಳಿಕೊಳ್ಳುತ್ತೇನೆ. ಈ ಚಿತ್ರಗಳಿಂದ ಖಗೋಳ ವಿಜ್ಞಾನ ಕಲಿಯಬೇಕೆಂದು ನಾನು ಯಾರಿಗೂ ಹೇಳಿಲ್ಲ. ಹಾಗಿದ್ದರೂ ಕೆಲವೊಮ್ಮೆ ಕಲ್ಪನೆ ನಿಜದ ಹತ್ತಿರ ಬಂದುಬಿಡುತ್ತದೆ. ಚಿತ್ರದ ನಾಯಕ ತನ್ನ ಮರುಭೂಮಿಯ ಗ್ರಹದಲ್ಲಿ ನಿಂತು ಎರಡು ಸೂರ್ಯರು ಮುಳುಗುವುದನ್ನು ನೋಡುತ್ತಾನೆ, 2011ರಲ್ಲಿ ಕೆಪ್ಲರ್ ದೂರದರ್ಶಕದ ನೆರವಿನಿಂದ ವಿಜ್ಞಾನಿಗಳು ಎರಡು ನಕ್ಷತ್ರಗಳನ್ನು ಸುತ್ತುವ ಕೆಪ್ಲರ್-16ಬಿ ಎಂಬ ಗ್ರಹವನ್ನು ಗುರುತಿಸಿದರು.

ಇನ್ನು ನಮ್ಮದು, ಪರರದು ಎಂಬ ಮಾತು. ಲ್ಯೂಕಸ್ ಅವರೇ ಜಪಾನಿನ ಅಕಿರಾ ಕುರೊಸಾವಾ ಅವರ 1958ರ ‘ದಿ ಹಿಡನ್ ಫೋರ್ಟ್ರೆಸ್’ ಚಿತ್ರಕ್ಕೆ ತಾವು ಋಣಿ ಎಂದು ಹೇಳಿಕೊಂಡಿದ್ದಾರೆ. ಅಲ್ಲಿ ಇಬ್ಬರು ಬಡ ರೈತರ ಕಣ್ಣಿನಿಂದ ಕಂಡ ಕಥೆ ಇಲ್ಲಿ ಎರಡು ರೋಬೋಟುಗಳ ಬೆನ್ನು ಹಿಡಿದು ಸಾಗುತ್ತದೆ. ಎಲ್ಲಿಂದಲೋ ಪಡೆದು ಬೆಳೆದ ಕಥೆಯನ್ನು ಮಲೆನಾಡಿನವರು ಪಡೆದುಕೊಳ್ಳಬಾರದೆಂಬ ನಿಯಮವೇನೂ ಇಲ್ಲ. ಅದಲ್ಲದೆ ನಮ್ಮ ಕಥೆಗಳನ್ನು ನೋಡಿ ಪಳಗಿದ ಕಣ್ಣು ಈ ಚಿತ್ರವನ್ನು ಚೆನ್ನಾಗಿ ನೋಡಬಲ್ಲದು. ಮುಖವಾಡದ ಖಳನಾಯಕ ಡಾರ್ತ್ ವೇಡರ್ ಹೊಗೆಯ ನಡುವಿನಿಂದ ಹೊರಬರುವಾಗ, ತೆರೆಯ ಹಿಂದಿನಿಂದಲೇ ಅಬ್ಬರಿಸಿ ಚೆಂಡೆಯ ಪೆಟ್ಟಿಗೆ ರಂಗಕ್ಕೆ ಇಳಿಯುವ ಯಕ್ಷಗಾನದ ಬಣ್ಣದ ವೇಷ ನನಗೆ ನೆನಪಾಗುತ್ತದೆ. ವೇಡರನ ದೇಹ ಡೇವಿಡ್ ಪ್ರೌಸ್ ಅವರದು, ಮಾತು ಜೇಮ್ಸ್ ಅರ್ಲ್ ಜೋನ್ಸ್ ಅವರದು. ಉಸಿರಾಟವನ್ನು ಬರ್ಟ್ ಅವರು ನೀರೊಳಗೆ ಈಜುವವರು ಬಳಸುವ ಉಸಿರಾಟದ ಸಾಧನದೊಳಗೆ ಪುಟ್ಟ ಮೈಕ್ ಇಟ್ಟು ಮುದ್ರಿಸಿಕೊಂಡರು. ನಾನು ಹೆಚ್ಚು ಹೆದರುವುದು ಆ ಉಸಿರಿಗೇ.

ಸರಣಿಯ ಮುಖ್ಯ ಕಥೆ 1977ರಿಂದ 2019ರವರೆಗೆ 9 ಚಿತ್ರಗಳಲ್ಲಿ ಹರಡಿಕೊಂಡಿದೆ. ನನ್ನ ಮಟ್ಟಿಗೆ 1980ರ ಎರಡನೆಯ ಚಿತ್ರ ಎಲ್ಲಕ್ಕಿಂತ ಮೇಲು; 2015ರ ನಂತರದವುಗಳ ಬಗ್ಗೆ ನಮ್ಮ ಮನೆಯಲ್ಲೇ ಒಮ್ಮತವಿಲ್ಲ. ಚಿತ್ರದ ‘ಮೇ ದ ಫೋರ್ಸ್ ಬಿ ವಿತ್ ಯು’ ಎಂಬ ಹಾರೈಕೆ ಇಂಗ್ಲಿಷಿನ ‘ಮೇ ದ ಫೋರ್ತ್’ನಂತೆ ಕೇಳಿಸುವುದರಿಂದ, ಜಗತ್ತಿನ ಅಭಿಮಾನಿಗಳಲ್ಲಿ ಬಹುತೇಕರು ಮೇ 4ನ್ನು ಆಚರಿಸುತ್ತಾರೆ. ಚಿತ್ರ ಜನರ ಕಿವಿಗೆ ಮೊದಲು ಬಿದ್ದ ದಿನವಾದ್ದರಿಂದ ನಾವು ಮೇ 25ನ್ನೇ ಆರಿಸಿಕೊಂಡಿದ್ದೇವೆ. ಹಲಸಿನ ಹಣ್ಣು ಮನೆಯಲ್ಲಿರುವ, ಶಾಲೆ ಇನ್ನೂ ತೆರೆಯದ ದಿನಗಳೂ ಅವೇ ಆಗಿರುವುದು ಅನುಕೂಲ.

ಮೊದಲ ಚಿತ್ರಕ್ಕೆ 50 ವರ್ಷ ತುಂಬುವುದು 2027ರಲ್ಲಿ. ಆ ದಿನ ಅದರ ಆರಂಭದ ದೃಶ್ಯವನ್ನು ಸದ್ದು ಆರಿಸಿ ಗೋಡೆಯ ಮೇಲೆ ತೋರಿಸಿ, ಮಕ್ಕಳು ತಾವೇ ಮುದ್ರಿಸಿ ತಂದ ಸದ್ದುಗಳನ್ನು ಅದಕ್ಕೆ ಹೊಂದಿಸಬೇಕೆಂದು ಯೋಚಿಸಿದ್ದೇವೆ. ಪರದೆಯ ಮೇಲ್ಭಾಗದಿಂದ ಮುಗಿಯದಂತೆ ಸಾಗಿಬರುವ ಆ ಬೃಹತ್ ನೌಕೆ ನಿಜದಲ್ಲಿ ಸುಮಾರು 3 ಅಡಿಯ ಮಾದರಿಯಷ್ಟೇ, ಅದರ ಗಾತ್ರವನ್ನು ನಂಬಿಸುವ ಕೆಲಸದಲ್ಲಿ ದೊಡ್ಡ ಪಾಲು ಸದ್ದಿನದು. ಅದಕ್ಕೆ ಅಡಿಕೆ ಸುಲಿಯುವ ಯಂತ್ರದ ಸದ್ದನ್ನು ನಿಧಾನಗೊಳಿಸಿ ಬಳಸಬಹುದೆಂದು ದೊಡ್ಡ ಹುಡುಗರು ಹೇಳುತ್ತಿದ್ದಾರೆ. ಸಿಳ್ಳೆಯಲ್ಲೇ ಮಾತನಾಡುವ ಪುಟ್ಟ ರೋಬೋಟಿಗೆ ನಸುಕಿನಲ್ಲಿ ತೋಟದ ಹಳ್ಳದ ಬಳಿ ಸಿಳ್ಳೆ ಹಾಕುವ ಹಕ್ಕಿಯನ್ನೂ, ಗುಂಯ್‌ಗುಡುವ ಯಂತ್ರಗಳಿಗೆ ಜೀರುಂಡೆಗಳನ್ನೂ ಗುರುತಿಸಿಯಾಗಿದೆ. ವೇಡರನ ಉಸಿರಿಗೆ ಮಾತ್ರ ತಕ್ಕದ್ದು ಇನ್ನೂ ಸಿಕ್ಕಿಲ್ಲ; ಅಣ್ಣನ ಮಗಳು ಅಡುಗೆಮನೆಯ ಒಲೆ ಊದುವ ಕೊಳವೆಯನ್ನು ಪ್ರಯತ್ನಿಸುತ್ತಿದ್ದಾಳೆ.